ಮಾಜಿ ಸೈನಿಕರಿಗೆ ಮೊದಲು ಮನೆ ಕೊಡಿ

ಮಾನ್ಯ ಸಂಪಾದಕರೇ,

ದೇಶಕ್ಕಾಗಿ ದುಡಿದ ಸೈನಿಕ ಬೀದಿಯಲ್ಲಿ ಮಲಗಬೇಕಾಗಿ ಬಂದರೆ ಅದು ಸರ್ಕಾರದ ಸೋಲು. ಅಮೆರಿಕದಲ್ಲಿ 2010ರ ಎಣಿಕೆಯಂತೆ ಸುಮಾರು 74 ಸಾವಿರ ಮಾಜಿ ಸೈನಿಕರಿಗೆ ಸೂರಿರಲಿಲ್ಲ. 2024ರಲ್ಲಿ ಅದು 33 ಸಾವಿರದ ಆಸುಪಾಸಿಗೆ ಇಳಿಯಿತು. ಇದು ಸುಮ್ನೆ ಆದದ್ದಲ್ಲ. ಅಲ್ಲಿನ ವಸತಿ ಇಲಾಖೆ ಬಾಡಿಗೆ ಕಟ್ಟಲು ನೆರವಾಗುವ ವೋಚರ್ ಕೊಟ್ಟಿತು, ಮಾಜಿ ಸೈನಿಕರ ಇಲಾಖೆ ಚಿಕಿತ್ಸೆ, ಸಲಹೆಗೆ ಜನರನ್ನು ಜೊತೆ ಮಾಡಿತು. ಮೊದಲು ಕುಡಿತ ಬಿಡು, ಆಮೇಲೆ ಮನೆ ಎಂದು ಷರತ್ತು ಹಾಕಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಇದೇ. ಮಲಗಲು ಜಾಗವೇ ಇಲ್ಲದವರು ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳುವುದಾದರೂ ಹೇಗೆ, ಅಲ್ವಾ?

ಆದರೆ ಬಾಡಿಗೆ ಜಾಸ್ತಿ ಇರುವ ನಗರಗಳಲ್ಲಿ ವೋಚರ್ ಇದ್ದರೂ ಮನೆ ಸಿಗುವುದು ಕಷ್ಟ. ಬಾಡಿಗೆ ಬಾಕಿ ಬಿದ್ದ ಕೂಡಲೇ, ಮನೆ ಕೈತಪ್ಪುವ ಮೊದಲೇ ನೆರವು ಕೊಡುವ ಯೋಜನೆಯೂ ಅಲ್ಲಿದೆ. ಅದಕ್ಕೆ ಅಲ್ಲಿನ ಸರ್ಕಾರ ಇನ್ನಷ್ಟು ಹಣ ಕೊಡಲಿ.

— ಓದುಗ