ಮಗಳಿಗೊಂದು ಪತ್ರ: 2019ರ ಹಾಜರಿ ಪುಸ್ತಕ

ಬೆಳಗಾವಿ
9 ನವೆಂಬರ್ 2025

ಚಿರಂಜೀವಿ ಸುಧಾಳಿಗೆ ಅಪ್ಪನ ಆಶೀರ್ವಾದಗಳು.

ಧಾರವಾಡದಿಂದ ನೀನು ಬರೆದ ಕಾಗದ ಗುರುವಾರ ಕೈಸೇರಿತು. ವಾಹನೋದ್ಯಮದ ಹಿನ್ನಡೆಯಿಂದ ಕಾರ್ಮಿಕ ಕುಟುಂಬಗಳ ಮೇಲಾದ ಪರಿಣಾಮವನ್ನೇ ಎಂ.ಎ. ಪ್ರಬಂಧಕ್ಕೆ ಆರಿಸಿಕೊಂಡಿರುವೆ ಎಂದು ಓದಿ ಹೇಳಿದಾಗ ನಿನ್ನ ಅವ್ವ, "ಊರೆಲ್ಲಾ ತಿರುಗಿ ಕಡೀಕ ನಮ್ಮ ಶೆಡ್ಡಿಗೇ ಬಂದ್ಲು ನೋಡ್ರಿ" ಎಂದು ನಕ್ಕಳು. 2019ರಲ್ಲಿ ನಮ್ಮಲ್ಲಿ ಏನಾಯಿತು ಎಂದು ಕೇಳಿದ್ದೀಯ. ಆಗ ನೀನು ಪಿಯುಸಿಯಲ್ಲಿದ್ದೆ. ಟ್ಯೂಷನ್ ಬಿಡಿಸಿದ್ದು, ಅವ್ವನ ಕೈಯ ಪಾಟಲಿಗಳು ಕಾಣದಾದದ್ದು ನಿನಗೆ ನೆನಪಿರಬಹುದು. ಉಳಿದದ್ದನ್ನು ನಾನು ಹೇಳಿರಲಿಲ್ಲ.

ಉದ್ಯಮಬಾಗದ ಫೌಂಡ್ರಿಯಲ್ಲಿ ಹೊಯ್ದ ಬೀಡುಕಬ್ಬಿಣದ ಕಾಸ್ಟಿಂಗ್ ನಮ್ಮ ಶೆಡ್ಡಿಗೆ ಬರುತ್ತದೆ. ನಾವು ಅದನ್ನು ಲೇಥಿಗೆ ಕಟ್ಟಿ ತಿರುವಿ, ಡ್ರಿಲ್ ಹೊಡೆದು, ಅಂಚು ಉಜ್ಜಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕಳಿಸುತ್ತೇವೆ. ಅಲ್ಲಿಂದ ಅದು ಕೊಲ್ಹಾಪುರಕ್ಕೋ ಪುಣೆಯ ಕಡೆಗೋ ಹೋಗಿ, ಇನ್ನೆರಡು ಕೈ ದಾಟಿ ಲಾರಿಯನ್ನೋ ಕಾರನ್ನೋ ಸೇರುತ್ತದೆ. ವಾಹನ ಕೊಳ್ಳುವವನು ಈ ವರ್ಷ ಬೇಡವೆಂದರೆ ಕಂಪನಿಯು ಬಿಡಿಭಾಗದವರ ಶೆಡ್ಯೂಲ್, ಅಂದರೆ ಕಳಿಸಬೇಕಾದ ಮಾಲಿನ ಬೇಡಿಕೆಪಟ್ಟಿ, ಕಡಿತ ಮಾಡುತ್ತದೆ, ಅವರು ಫೌಂಡ್ರಿಯದನ್ನು ಕಡಿತ ಮಾಡುತ್ತಾರೆ, ಫೌಂಡ್ರಿಯವರು ನಮಗೆ ಫೋನ್ ಮಾಡುತ್ತಾರೆ. ನಮ್ಮ ಕೆಳಗೆ ಯಾರಿದ್ದಾರೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಕಾರಣಗಳು ನಿನ್ನ ಪುಸ್ತಕಗಳಲ್ಲಿ ಸಿಗುತ್ತವೆ, ಆದರೂ ನಾನು ಕಂಡಷ್ಟನ್ನು ಹೇಳುತ್ತೇನೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ತೂಕದ ಮಿತಿಯನ್ನು ಏರಿಸಿತು. ಹತ್ತು ಗಾಲಿಯ ಲಾರಿಗೆ ಅದರ ಸ್ವಂತ ತೂಕವೂ ಸೇರಿ 25 ಟನ್ ಇದ್ದದ್ದು 28.5 ಟನ್ ಆಯಿತು. ಹಳೆಯ ಲಾರಿಯೇ ಹೆಚ್ಚು ಹೊರುವಾಗ ಹೊಸದನ್ನು ಯಾರು ಕೊಳ್ಳುತ್ತಾರೆ? ಅದೇ ಸೆಪ್ಟೆಂಬರ್‌ನಲ್ಲಿ ಐಎಲ್ ಆ್ಯಂಡ್ ಎಫ್ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾರದೆ ಕುಸಿದದ್ದರಿಂದ ವಾಹನಸಾಲ ಕೊಡುವ ಫೈನಾನ್ಸ್ ಕಂಪನಿಗಳ ಕೈ ಬಿಗಿಯಾಯಿತು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಬಿಎಸ್-6 ಎಂಬ ಹೊಸ ಬಿಗಿ ನಿಯಮ ಬರುವುದಿದ್ದುದರಿಂದ ಕೆಲವರು ಕಾಯುತ್ತ ಕುಳಿತರು. 2019ರ ಜುಲೈಯಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಶೇ 31ರಷ್ಟು ಬಿದ್ದಿತು.

ಆ ವರ್ಷದ ಹಾಜರಿ ಪುಸ್ತಕ ಈಗ ನನ್ನ ಎದುರಿಗಿದೆ. ಜನವರಿಯ ಪುಟದಲ್ಲಿ ಪ್ರತಿ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಓಟಿಯ (ಹೆಚ್ಚುವರಿ ದುಡಿಮೆಯ) ತಾಸುಗಳಿವೆ: 38, 44, 51. ಏಪ್ರಿಲ್‌ನಲ್ಲಿ ಯಾರದೂ ಹತ್ತು ದಾಟಿಲ್ಲ. ಜೂನ್ ಪುಟದಲ್ಲಿ ಕೆಂಪು ಶಾಯಿಯೇ ಇಲ್ಲ. ಪಗಾರದಲ್ಲಿ ಮನೆಯ ಬಾಡಿಗೆ, ಕಿರಾಣಿ ನಡೆಯುತ್ತಿದ್ದವು. ಮಕ್ಕಳ ಫೀ, ಬೈಕಿನ ಕಂತು, ಊರ ಜಾತ್ರೆಗೆ ಹೋಗಿಬರುವ ಖರ್ಚು ಎಲ್ಲವೂ ಓಟಿಯಲ್ಲೇ ಸಾಗುತ್ತಿದ್ದವು. ಆದ್ದರಿಂದ ಕೆಲಸ ಹೋಗುವುದಕ್ಕೆ ಬಹಳ ಮೊದಲೇ ಮನೆಗಳು ಇಕ್ಕಟ್ಟಿಗೆ ಸಿಲುಕಿದ್ದವು. ಮೂರನೇ ರೈಲ್ವೆ ಗೇಟಿನ ಹತ್ತಿರ ನಾವು ಚಹಾ ಕುಡಿಯುತ್ತಿದ್ದ ಅಂಗಡಿಯವನಿಗೆ ಇದು ನನಗಿಂತ ಮುಂಚೆ ತಿಳಿದಿತ್ತು. ರಾತ್ರಿ ಪಾಳಿಯವರಿಗಾಗಿ ಹನ್ನೊಂದರ ತನಕ ಒಲೆ ಹಚ್ಚಿಡುತ್ತಿದ್ದವನು ಮೇ ತಿಂಗಳಲ್ಲಿ ಎಂಟಕ್ಕೇ ಬಾಗಿಲು ಹಾಕತೊಡಗಿದ. ಖಾನಾವಳಿಯ ಉದ್ರಿ ವಹಿ ದಪ್ಪವಾಯಿತು. ಮಜಗಾಂವದಲ್ಲಿ ನಾಲ್ವರು ಸೇರಿ ಹಿಡಿದಿದ್ದ ಖೋಲಿಗಳು ತೆರವಾದವು.

ಆಗಸ್ಟ್ ಮೊದಲ ವಾರದಲ್ಲಿ ನೆರೆ ಬಂದು, ನಿಪ್ಪಾಣಿ–ಕೊಲ್ಹಾಪುರದ ಕಡೆ ಹೆದ್ದಾರಿ ಕೆಲವು ದಿನ ಬಂದಾಯಿತು. ಕಳಿಸಬೇಕಿದ್ದ ಅಲ್ಪಸ್ವಲ್ಪ ಮಾಲೂ ಅಂಗಳದಲ್ಲೇ ಉಳಿಯಿತು. ತಾಡಪತ್ರಿಯ ಕೆಳಗೂ ಎರಚಲು ಹೊಡೆದು, ಎಣ್ಣೆ ಸವರಿದ್ದ ಹಬ್ಬುಗಳ (ಗಾಲಿಯ ನಡುಭಾಗಗಳ) ಮೇಲೆ ಕುಂಕುಮ ಉದುರಿಸಿದಂತೆ ತುಕ್ಕು ಎದ್ದಿತ್ತು. ಅವುಗಳನ್ನು ಮರಳುಕಾಗದದಿಂದ ಮತ್ತೆ ಉಜ್ಜಿದವಳು ಅನಗೋಳದಿಂದ ಬರುತ್ತಿದ್ದ ಹೆಣ್ಣುಮಗಳು. ನೀನು ಶೆಡ್ಡಿಗೆ ಬಂದಾಗಲೆಲ್ಲ ಶೇಂಗಾ ಉಂಡಿ ಕೊಡುತ್ತಿದ್ದಳಲ್ಲ, ಅವಳೇ.

ಆಗಸ್ಟ್ ಕೊನೆಯ ಶನಿವಾರ ನಾನು ಒಂಬತ್ತು ಜನರಲ್ಲಿ ನಾಲ್ವರಿಗೆ "ಸೋಮವಾರದಿಂದ ಬರಬೇಡಿ, ಕೆಲಸ ಬಂದ ಕೂಡಲೇ ಹೇಳಿ ಕಳಿಸುತ್ತೇನೆ" ಎಂದೆ. ಅವಳೂ ಅವರಲ್ಲೊಬ್ಬಳು. ಯಂತ್ರ ನಡೆಸಬಲ್ಲವರನ್ನು ಉಳಿಸಿಕೊಂಡು, ಉಜ್ಜುವವರನ್ನೂ ಹೊರುವವರನ್ನೂ ಬಿಟ್ಟೆ. ಲೆಕ್ಕದ ದೃಷ್ಟಿಯಿಂದ ಅದು ಸರಿಯಾಗಿತ್ತು. 2017ರಲ್ಲಿ ಸಾಲ ಮಾಡಿ ತಂದ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ) ಯಂತ್ರದ ಕಂತು ನನ್ನ ಕತ್ತಿನ ಮೇಲಿತ್ತು. ಅವ್ವನ ಪಾಟಲಿ ಅಡವಿಟ್ಟದ್ದು ಆ ಕಂತಿಗಾಗಿಯೇ ಹೊರತು ಆ ನಾಲ್ವರ ಪಗಾರಕ್ಕಾಗಿ ಅಲ್ಲ. ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ.

ಅಕ್ಟೋಬರ್‌ನಲ್ಲಿ ಖಂಡೇ ಪೂಜೆಯ (ಆಯುಧಪೂಜೆಯ) ದಿನ ಅನಗೋಳದ ಆ ಹೆಣ್ಣುಮಗಳು ಬಂದಳು. ಲೇಥಿಗೆ ಅರಿಶಿನ ಕುಂಕುಮ ಹಚ್ಚಿ, ಕೊಟ್ಟ ಪೇಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, "ನಿಮಗೂ ತ್ರಾಸ ಐತಿ ಬಿಡ್ರಿ ಸಾಹುಕಾರ" ಎಂದು ಹೇಳಿ ಹೋದಳು. ಕೆಲಸ ಕೇಳಲಿಲ್ಲ. ಸಂಘದ ಸಾಲದ ವಾರದ ಕಂತು ಕಟ್ಟಲು ಹೊಲಿಗೆ ಯಂತ್ರ ಮಾರಿದ್ದಳೆಂದು ನನಗೆ ತಿಳಿದದ್ದು ಆಮೇಲೆ.

ಈಗ ನಿನ್ನ ಪ್ರಬಂಧಕ್ಕೆ ಬೇಕಾದ ಮಾತು. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹತ್ತು ಜನರಿಂದ, ಭವಿಷ್ಯನಿಧಿ ಇಪ್ಪತ್ತು ಜನರಿಂದ ಕಡ್ಡಾಯವಾಗುತ್ತದೆ. ನಮ್ಮಲ್ಲಿದ್ದವರು ಒಂಬತ್ತು. ಹೀಗಾಗಿ ಆ ನಾಲ್ವರು ಕೆಲಸದಲ್ಲಿದ್ದದ್ದೂ ಆ ಕಚೇರಿಗಳ ಲೆಕ್ಕದಲ್ಲಿಲ್ಲ, ಕೆಲಸ ಬಿಟ್ಟದ್ದೂ ಇಲ್ಲ. ಭವಿಷ್ಯನಿಧಿಯ ಅಂಕಿಗಳನ್ನು ಮುಂದಿಟ್ಟುಕೊಂಡು ಉದ್ಯೋಗನಷ್ಟವನ್ನು ಅಳೆಯಲು ಹೊರಟರೆ ನಮ್ಮ ಸಾಲಿನ ಶೆಡ್ಡುಗಳು ನಿನಗೆ ಕಾಣಿಸುವುದೇ ಇಲ್ಲ. ಪರಿಹಾರವೂ ಹಾಗೆಯೇ ಬಂದಿತು. ಆ ಸೆಪ್ಟೆಂಬರ್ 20ರಂದು ಸರ್ಕಾರ ಕಂಪನಿಗಳ ಆದಾಯ ತೆರಿಗೆಯನ್ನು ಶೇ 22ಕ್ಕೆ ಇಳಿಸಿದಾಗ ಪತ್ರಿಕೆಗಳು ದೊಡ್ಡದಾಗಿ ಬರೆದವು. ನನ್ನದು ಕಂಪನಿಯಲ್ಲ, ಒಬ್ಬನ ಹೆಸರಿನ ವ್ಯವಹಾರ. ಅದರಿಂದ ನನಗೆ ಒಂದು ಪೈಸೆಯೂ ಉಳಿಯಲಿಲ್ಲ. ತೆರಿಗೆ ಕಟ್ಟುವಷ್ಟು ಲಾಭವೂ ಆ ವರ್ಷ ಇರಲಿಲ್ಲವೆನ್ನು!

ಮರುವರ್ಷದ ಲಾಕ್‌ಡೌನ್ ನಿನಗೇ ಗೊತ್ತು. ಈ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ನಮ್ಮ ಶೆಡ್ಯೂಲ್ ಚೇತರಿಸಿಕೊಂಡಿದೆ, ಕೆಂಪು ಪೆನ್ನು ಮತ್ತೆ ಹೊರಬಂದಿದೆ. ಆದರೆ ವಿದ್ಯುತ್ ಕಾರಿಗೆ ಸಿಲಿಂಡರ್ ಬ್ಲಾಕ್ ಬೇಡ, ಫ್ಲೈವ್ಹೀಲ್ ಬೇಡ, ಹೊಗೆ ಹೊರಹಾಕುವ ಮ್ಯಾನಿಫೋಲ್ಡ್ ಬೇಡ. ಬ್ರೇಕು, ಹಬ್ಬು ಬೇಕೇ ಬೇಕು. ಆದ್ದರಿಂದ ನಮ್ಮ ಶೆಡ್ಡು ಸ್ವಲ್ಪ ಕಾಲ ನಿಲ್ಲಬಹುದು. ಎಂಜಿನ್ ಭಾಗಗಳನ್ನೇ ನಂಬಿದವರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ಶೇಂಗಾ ಉಂಡಿ ಕೊಡುತ್ತಿದ್ದ ಆ ಹೆಣ್ಣುಮಗಳು ಈಗ ಅನಗೋಳದ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. 2021ರಲ್ಲಿ ಹೇಳಿ ಕಳಿಸಿದ್ದೆ, ಬರಲಿಲ್ಲ. ಮುಂದಿನ ಭಾನುವಾರ ನೀನು ಬಾ, ಇಬ್ಬರೂ ಕೂಡಿ ಹೋಗೋಣ. ಹಾಜರಿ ಪುಸ್ತಕವನ್ನು ನಿನಗೇ ಕೊಡುತ್ತೇನೆ. ಮಧ್ಯಾಹ್ನ ಎರಡರ ತನಕ ಅವಳಿಗೆ ಪುರಸೊತ್ತಿರುವುದಿಲ್ಲ, ಆದ್ದರಿಂದ ಹನ್ನೊಂದರ ಬಸ್ಸು ಹಿಡಿದರೂ ಸಾಕು.

ಇಂತಿ,
ನಿನ್ನ ಅಪ್ಪ