ಈ ಸಲ ಸೋಗೆ ಬೇಡ

ಮೊನ್ನೆ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬಂದೆ. ಪಿಕಪ್ ಓಡಿಸಿದ್ದು ನಾನೇ. ಆಶ್ಲೇಷ ಮಳೆ, ಜೋರಾಗಿಯೇ ಇತ್ತು. ಇಷ್ಟಕ್ಕೆಲ್ಲ ಬರೀಬೇಕಾ ಅಂತ ನನ್ನ ಹತ್ತಿರದವರು ಕೇಳುವುದಿಲ್ಲ.

ಮೂರು ವರ್ಷದ ಹಿಂದೆ ಅದೇ ಘಾಟಿಯಲ್ಲಿ ಧರೆ ಕುಸಿದು ಗಾಡಿ ಅರ್ಧ ಮುಚ್ಚಿತ್ತು. ಎರಡು ಗಂಟೆ ಒಳಗೇ ಇದ್ದೆ. ಗಾಯ ಜಾಸ್ತಿ ಆಗಲಿಲ್ಲ. ಆದರೆ ಆಮೇಲೆ ತಗಡಿನ ಮೇಲೆ ಮಳೆ ಬಿದ್ದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಲ್ಲಿ ಮಣ್ಣಿನ ರುಚಿ. ಹೊಸನಗರದಲ್ಲಿದ್ದುಕೊಂಡು ಮಳೆ ಸದ್ದಿನಿಂದ ಎಲ್ಲಿಗೆ ಓಡುವುದು? ಪಕ್ಕದ ಮನೆ ಅಣ್ಣ ಏನೂ ಕೇಳದೆ ಏಣಿ ತಂದು, ನಮ್ಮ ಜಗಲಿಯ ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿದರು. ಸದ್ದು ಅರ್ಧ ಇಳಿಯಿತು. ಮೊದಲ ಥ್ಯಾಂಕ್ಸ್ ಅವರಿಗೆ.

ನಾನು ಬೇಡ ಅಂದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ ಹೆಂಡತಿಗೆ, ಪ್ರತಿ ಸಲ ಶಿವಮೊಗ್ಗದಲ್ಲಿ ಬೆಂಗಳೂರು ರೈಲು ಹತ್ತಿಸಿದ ಭಾವನಿಗೆ ಕೂಡ.

ಬೆಂಗಳೂರಿನ ಡಾಕ್ಟರ್ ಮೇಡಂ ಚಿಕಿತ್ಸೆ ಅಂತ ಆ ಎರಡು ಗಂಟೆಯ ಕತೆಯನ್ನೇ ಮತ್ತೆ ಮತ್ತೆ ಹೇಳಿಸಿದರು. ಜೊತೆಗೆ ಕಿವಿಗೊಂದು ಕ್ಲಿಪ್. ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಒಂದು ಕವಲು ಕಿವಿಯ ಚರ್ಮಕ್ಕೂ ಬರುತ್ತದಂತೆ. ಅಲ್ಲಿಗೆ ಸಣ್ಣ ಕರೆಂಟು. ಚಗಳಿ ಇರುವೆ ಕಚ್ಚುವ ಮೊದಲು ಹರಿದಾಡುತ್ತದಲ್ಲ, ಹಾಗೆ ಚುರುಚುರು.

ಡಾಕ್ಟರು ಏನೂ ಮುಚ್ಚಿಡಲಿಲ್ಲ. ಮೂರ್ಛೆರೋಗಕ್ಕೆ ಮೈಯೊಳಗೆ ಯಂತ್ರ ಕೂರಿಸಿ ಇದೇ ನರಕ್ಕೆ ಕರೆಂಟು ಕೊಡುವುದನ್ನು ಅಮೆರಿಕದಲ್ಲಿ 1997ರಲ್ಲೇ ಒಪ್ಪಿದ್ದಾರೆ, ನಿಮ್ಮ ಕಾಯಿಲೆಗೆ, ಅಂದರೆ ಆಘಾತದ ನಂತರವೂ ಬಿಡದೆ ಕಾಡುವ ಭಯಕ್ಕೆ (ಪಿಟಿಎಸ್‌ಡಿ), ಇನ್ನೂ ಪರೀಕ್ಷೆ ನಡೀತಿದೆ ಅಂದರು. 2025ರಲ್ಲಿ ಟೆಕ್ಸಾಸ್‌ನಿಂದ ಒಳ್ಳೆ ಸುದ್ದಿ ಬಂತು. ಅದೂ ಯಂತ್ರ ಕೂರಿಸಿಕೊಂಡ 9 ಜನರದ್ದು ಮಾತ್ರ, ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ. ಹೀಗೆ ಬಿಡಿಸಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

ಕ್ಲಿಪ್‌ನಿಂದಲೇ ವಾಸಿಯಾಯಿತು ಅನ್ನಲಾರೆ. ಕತೆಯ ಮಧ್ಯದಲ್ಲೇ ಎದ್ದು ಹೋಗುತ್ತಿದ್ದವನು ಒಂದು ದಿನ ಕೊನೆವರೆಗೂ ಕೂತೆ, ಅಷ್ಟು ಗೊತ್ತು. ಮೇಡಂ ಸುಮ್ನೆ ನೀರಿನ ಲೋಟ ಮುಂದಿಟ್ಟರು.

ಈ ಮಳೆಗಾಲಕ್ಕೂ ಅಣ್ಣ ಸೋಗೆ ಹೊತ್ತು ತಂದಿದ್ದರು. ಬೇಡ ಅಂದೆ. ಕೊಟ್ಟಿಗೆಗೆ ಹಾಕಿಸಿದ್ದಾಯಿತು. ಕಳಲೆ ಸಿಕ್ಕಿದೆ, ಭಾನುವಾರ ಕಡುಬು ಮಾಡ್ತೇವೆ. ಎಲ್ಲರೂ ಬನ್ನಿ, ಜಗಲಿಯಲ್ಲೇ ಕೂರೋಣ.