ನಂಬರ್ ಅಳಿಸುವುದಕ್ಕೂ ಒಂದು ಕ್ರಮವಿದೆ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಹೊತ್ತಿಗೆ ತುಮಕೂರಿನ ಪೋಷಕರ ಮೊಬೈಲಿಗೆ ಹೆಸರೇ ಕೇಳದ ಕಾಲೇಜುಗಳ ಕರೆ ಶುರುವಾಗುತ್ತದೆ. ಮಗಳ ಹೆಸರು, ಓದಿದ ಕಾಲೇಜು, ಕಾಂಬಿನೇಷನ್ ಎಲ್ಲವೂ ಆ ಕಡೆಯವರಿಗೆ ಗೊತ್ತು. ಇದರ ಬೆನ್ನಿಗೇ ‘ನಿಮ್ಮ ಮಾಹಿತಿಯನ್ನು ಇಂಟರ್ನೆಟ್‌ನಿಂದ ಪೂರ್ತಿ ಅಳಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರೂ ಬರುತ್ತಾರೆ. ಪೂರ್ತಿ ಅಳಿಸುವುದು ಯಾರ ಕೈಲೂ ಆಗದು. ಆಗುವಷ್ಟನ್ನು ಮನೆಯಲ್ಲೇ ಕುಳಿತು ಬಿಡಿಗಾಸು ಖರ್ಚಿಲ್ಲದೆ ಮಾಡಬಹುದು. ಮೊದಲು ಮಾಹಿತಿ ಇರುವ ಮೂಲ ಪುಟ, ಆಮೇಲೆ ಗೂಗಲ್: ಈ ಕ್ರಮ ತಪ್ಪಿದರೆ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ.

ಎಲ್ಲೆಲ್ಲಿ ಇದೆ ಎಂದು ಮೊದಲು ಪತ್ತೆಯಾಗಬೇಕು. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮೊಬೈಲ್ ನಂಬರನ್ನು ಉದ್ಧರಣ ಚಿಹ್ನೆಯೊಳಗೆ ಮೂರು ಬಗೆಯಲ್ಲಿ ಹುಡುಕಿ: ಹತ್ತೂ ಅಂಕಿ ಒಟ್ಟಿಗೆ, ಐದೈದಾಗಿ ಬಿಡಿಸಿ, ಮುಂದೆ +91 ಸೇರಿಸಿ. ಹೆಸರನ್ನು ಊರಿನ ಜತೆ ಹುಡುಕುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೋಡಿ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು; ಹಳೆಯ ಪುಟಗಳೆಲ್ಲ ‘Tumkur’ ಎಂಬ ಹಳೆಯ ಕಾಗುಣಿತದಲ್ಲೇ ಕುಳಿತಿರುತ್ತವೆ. ಹೊಸದನ್ನಷ್ಟೇ ಹುಡುಕಿದವರಿಗೆ ಅವು ಕಣ್ಣಿಗೆ ಬೀಳದೇ ಹೋಗಬಹುದು. ಸಿಕ್ಕ ಪ್ರತಿ ಪುಟದ ಪೂರ್ತಿ ಲಿಂಕ್ ಬರೆದಿಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅಳಿಸಿದ ಮೇಲೆ ಸಾಕ್ಷಿ ಸಿಗದು.

ನಮ್ಮ ಕಡೆ ಹೆಚ್ಚಿನವರ ತಲೆನೋವು, ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆ್ಯಪ್. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಹೆಸರೂ ಹೋಯಿತು ಎಂದುಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು. ಖಾತೆ ಹಾಗೆಯೇ ಇರುತ್ತದೆ. ಆ್ಯಪಿನೊಳಗೆ ಸೆಟ್ಟಿಂಗ್ಸ್, ಅಲ್ಲಿ ಪ್ರೈವೆಸಿ ಸೆಂಟರ್, ಅದರಲ್ಲಿ ಡಿಆ್ಯಕ್ಟಿವೇಟ್ ಒತ್ತಿ ಖಾತೆ ಮುಚ್ಚಿ. ಅದಾದ ಮೇಲೆಯೇ ಬ್ರೌಸರಿನಲ್ಲಿ ಆ ಕಂಪನಿಯ ಅನ್‌ಲಿಸ್ಟ್ (ಪಟ್ಟಿಯಿಂದ ನಂಬರ್ ತೆಗೆಸುವ) ಪುಟ ತೆರೆದು, +91 ಸಹಿತ ನಂಬರ್ ಕೊಟ್ಟು ಅರ್ಜಿ ಹಾಕಬೇಕು. ಒಂದೆರಡು ದಿನ ಬಿಟ್ಟು ಬೇರೆಯವರ ಫೋನಿನಲ್ಲಿ ಹುಡುಕಿ ನೋಡಿ. ಆದರೆ ಅವರ ಕಾಂಟ್ಯಾಕ್ಟಿನಲ್ಲಿ ನಿಮ್ಮ ಹೆಸರು ಸೇವ್ ಆಗಿದ್ದರೆ ಅದು ಕಂಡೇ ಕಾಣುತ್ತದೆ. ನಿಮ್ಮ ನಂಬರ್ ಇಲ್ಲದವರ ಫೋನ್ ಬೇಕು. ಆ್ಯಪ್ ಎಂದೂ ಬಳಸದವರ ನಂಬರಿಗೂ ‘ರೇಷ್ಮೆಗೂಡು’, ‘ಟೊಮೆಟೊ ಮಂಡಿ’ ಎಂಬ ಅಡ್ಡಹೆಸರು ಕಾಣುವುದಕ್ಕೆ ಬೇರೆಯವರು ಸೂಚಿಸಿದ ಹೆಸರೂ ಅಲ್ಲಿ ಸೇರಿಕೊಳ್ಳುವುದು ಒಂದು ಕಾರಣ. ಅಂಥವರು ನೇರವಾಗಿ ಅನ್‌ಲಿಸ್ಟ್ ಅರ್ಜಿ ಹಾಕಬಹುದು.

ಮದುವೆ ಜಾಲತಾಣಗಳದ್ದು ಇನ್ನೊಂದು ಬಗೆ. ಜನ್ಮದಿನಾಂಕ, ಹುಟ್ಟಿದ ವೇಳೆ, ಗೋತ್ರ, ತಂದೆಯ ಉದ್ಯೋಗ, ಮನೆ ವಿಳಾಸ, ಇಷ್ಟೊಂದು ವಿವರವನ್ನು ಬ್ಯಾಂಕಿಗೂ ನಾವು ಕೊಡುವುದಿಲ್ಲ! ಸಂಬಂಧ ಕುದುರಿದ ಮೇಲೆ ಪ್ರೊಫೈಲ್ ‘ಮರೆಮಾಡು’ ಒತ್ತಿ ಸುಮ್ಮನಾಗಬೇಡಿ, ಅದು ಅಳಿಸಿದಂತಲ್ಲ. ಮೊದಲು ಒಳಹೊಕ್ಕು ಫೋಟೊ ತೆಗೆದು, ಬದಲಾಯಿಸಲು ಬಿಡುವ ವಿವರವನ್ನೆಲ್ಲ ಬದಲಾಯಿಸಿ ಸೇವ್ ಮಾಡಿ, ಒಂದೆರಡು ವಾರ ಬಿಟ್ಟು ಖಾತೆ ಅಳಿಸಿ. ಗೂಗಲ್ ಆ ಪುಟವನ್ನು ಮತ್ತೊಮ್ಮೆ ಓದಿದಾಗ ಹಳೆಯದರ ಜಾಗಕ್ಕೆ ಖಾಲಿ ವಿವರ ಬರುತ್ತದೆ. ಕೆಲಸ ಹುಡುಕುವ ತಾಣಗಳಿಗೆ ಹಾಕಿದ ರೆಸ್ಯೂಮೆಗೂ, ಸೈಟು ಮಾರಾಟದ ಹಳೆಯ ಜಾಹೀರಾತಿಗೂ ಇದೇ ಉಪಾಯ.

ನಮ್ಮ ಖಾತೆಯೇ ಇಲ್ಲದ ತಾಣದಲ್ಲಿ ಹೆಸರಿದ್ದರೆ, ಪುಟದ ಅಡಿಯಲ್ಲಿ ಗ್ರೀವೆನ್ಸ್ ಆಫೀಸರ್ (ದೂರು ಆಲಿಸುವ ಅಧಿಕಾರಿ) ಇ-ಮೇಲ್ ಹುಡುಕಿ. ಬೇರೆಯವರು ಹಾಕಿದ ಮಾಹಿತಿಯನ್ನು ಇಟ್ಟುಕೊಳ್ಳುವ ತಾಣಗಳು ಈ ಅಧಿಕಾರಿಯ ವಿವರ ಪ್ರಕಟಿಸಬೇಕು, ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು ಎನ್ನುತ್ತವೆ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳು. ಲಿಂಕ್, ಅದರಲ್ಲಿ ಯಾವ ಸಾಲು, ಯಾಕೆ ತೆಗೆಯಬೇಕು, ಇಷ್ಟು ಬರೆದರೆ ಸಾಕು. ಉತ್ತರ ತೃಪ್ತಿ ತರದಿದ್ದರೆ 30 ದಿನದೊಳಗೆ ಕೇಂದ್ರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನ್ ಮೇಲ್ಮನವಿ ಹಾಕಬಹುದು. ‘ಗುರುತಿಗೆ ಆಧಾರ್ ಕಳಿಸಿ’ ಎಂದು ಯಾರಾದರೂ ಕೇಳಿದರೆ ಕಳಿಸಬೇಡಿ. ಅಳಿಸಲು ಹೋಗಿ ಇನ್ನಷ್ಟು ತುಂಬಿಕೊಟ್ಟಂತಾಗುತ್ತದೆ. ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಗೂಗಲ್ ಸರದಿ ಇದಾದ ಮೇಲೆ. ಅಲ್ಲಿ ಎರಡು ಬೇರೆ ಬೇರೆ ಅರ್ಜಿಗಳಿವೆ, ಜನ ಒಂದರ ಬದಲು ಇನ್ನೊಂದು ಹಾಕುತ್ತಾರೆ. ಮೂಲ ಪುಟದಲ್ಲಿ ಮಾಹಿತಿ ಅಳಿದಿದ್ದು ಗೂಗಲ್‌ನಲ್ಲಿ ಮಾತ್ರ ಉಳಿದಿದ್ದರೆ ‘ಹಳೆಯ ಮಾಹಿತಿ ತೆಗೆಯಿರಿ’ ಎಂಬುದು. ಮೂಲದವರು ಒಪ್ಪದೆ ನಂಬರ್, ವಿಳಾಸ ಇನ್ನೂ ಅಲ್ಲೇ ಇದ್ದರೆ ‘ಖಾಸಗಿ ಮಾಹಿತಿ ತೆಗೆಯಿರಿ’ ಎಂಬುದು. ಎರಡರಲ್ಲೂ ತಾಣದ ಮುಖಪುಟದ ಲಿಂಕ್ ಕೊಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ನಿಮ್ಮ ಹೆಸರಿರುವ ಪುಟದ ಲಿಂಕೇ ಬೇಕು. ಗೂಗಲ್ ಒಪ್ಪಿದರೂ ಹುಡುಕಾಟದಲ್ಲಷ್ಟೇ ಮರೆಯಾಗುತ್ತದೆ, ಪುಟ ಇದ್ದಲ್ಲೇ ಇರುತ್ತದೆ. ಬಿಂಗ್ ಎಂಬ ಇನ್ನೊಂದು ಹುಡುಕುತಾಣಕ್ಕೆ ಬೇರೆಯೇ ಅರ್ಜಿ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಗೆ ಒಂದು ಮಾತು. ಜನರ ವಿಳಾಸ, ನಂಬರ್ ಹುಡುಕಿಕೊಡುವ ಸ್ಪೋಕಿಯೊ, ವೈಟ್‌ಪೇಜಸ್‌ನಂಥ ಅಲ್ಲಿನ ತಾಣಗಳು ಸಂಬಂಧಿಕರು ಎಂಬ ಪಟ್ಟಿಯನ್ನೂ ತೋರಿಸುತ್ತವೆ. ಎರಡರಲ್ಲೂ ತೆಗೆಸುವ ಪುಟ ಉಂಟು. ಪ್ರೊಫೈಲಿನ ಲಿಂಕ್ ಅಂಟಿಸಿ, ಸ್ಪೋಕಿಯೊ ಕಳಿಸುವ ಇ-ಮೇಲ್‌ನ ಲಿಂಕ್ ಒತ್ತಬೇಕು. ಒತ್ತದಿದ್ದರೆ ಅರ್ಜಿ ಮುಂದೆ ಸಾಗದು. ಇವು ಸರ್ಕಾರಿ ದಾಖಲೆಗಳಿಂದ ಮತ್ತೆ ಮತ್ತೆ ತುಂಬಿಕೊಳ್ಳುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಮತದಾರರ ಪಟ್ಟಿ, ಪಹಣಿ ಇವುಗಳಲ್ಲಿನ ಹೆಸರು ತೆಗೆಸಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಕಾನೂನು ಪ್ರಕಾರ ಬಹಿರಂಗವಾದದ್ದನ್ನು, ನಾವೇ ಬಹಿರಂಗ ಮಾಡಿದ್ದನ್ನು ಹೊರಗಿಟ್ಟಿದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಅಳಿಸಿ ಎಂದು ಕೇಳುವ ಹಕ್ಕಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇಡಲಾಗಿತ್ತು. ಕಾಯ್ದೆಯ ಹೆಸರು ಹೇಳಿ ‘ಎಲ್ಲ ತೆಗೆಸುತ್ತೇವೆ’ ಎನ್ನುವ ಏಜೆಂಟರಿಗೆ ಈ ಎರಡು ಮಾತು ಕೇಳಿ ನೋಡಿ. ಹೆಬ್ಬೆಟ್ಟಿನ ಗುರುತಿರುವ ಕ್ರಯಪತ್ರದ ಪ್ರತಿ ಎಲ್ಲೆಲ್ಲೋ ಹೋಗಿರಬಹುದು ಎಂಬ ಅಳುಕಿರುವವರು ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಡಲಿ. ಪಡಿತರ ಅಂಗಡಿಯಲ್ಲಿ ಬೆರಳಿಡುವ ದಿನ ತೆರೆಯುವುದು ಮರೆತರೆ ಯಂತ್ರ ಒಪ್ಪುವುದಿಲ್ಲ, ಅಷ್ಟೇ.

ಇನ್ನು ಮೂಲಕ್ಕೆ ಕಾರಣರಾದವರಿಗೆ ನಮ್ಮ ಕೋರಿಕೆ. ಪ್ರವೇಶ ಪಟ್ಟಿ, ಫಲಾನುಭವಿಗಳ ಪಟ್ಟಿ, ಕ್ರೀಡಾಕೂಟದ ನೋಂದಣಿ, ಇದಾವುದಕ್ಕೂ ಮೊಬೈಲ್ ನಂಬರ್ ಪ್ರಕಟಿಸುವ ಅಗತ್ಯವಿಲ್ಲ. ಅರ್ಜಿ ಸಂಖ್ಯೆ ಹಾಕಿದರೆ ಅಭ್ಯರ್ಥಿಗೆ ತನ್ನ ಸಾಲು ಸಿಗುತ್ತದೆ. ಕೆಲವು ಕಚೇರಿಗಳು ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆದು ಪಿಡಿಎಫ್ ಮಾಡುತ್ತವೆ. ಆ ಕಪ್ಪಿನ ಅಡಿಯ ಅಕ್ಷರಗಳನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ನಂಬರ್ ಹಾಗೆಯೇ ಬರುತ್ತದೆ. ಎಕ್ಸೆಲ್‌ನಲ್ಲಿ ಕಾಲಂ ಹೈಡ್ ಮಾಡಿ ಕಡತವನ್ನೇ ಜಾಲತಾಣಕ್ಕೆ ಏರಿಸುವುದೂ ಅದೇ ಕಥೆ. ಕಾಲಂ ಅಳಿಸಿ, ಆಮೇಲೆ ಪಿಡಿಎಫ್ ಮಾಡಿ. ಏರಿಸುವ ಮುನ್ನ ಒಮ್ಮೆ ಅದರಲ್ಲಿ ಯಾವುದಾದರೂ ನಂಬರ್ ಹುಡುಕಿ ನೋಡಿ.

– ಕಂಪ್ಯೂಟರ್ ಶಿಕ್ಷಕರು, ತುಮಕೂರು